ಹಳೆಯ ನೆಲದ ಎತ್ತರ

ನಮ್ಮೂರಿಂದ ಭೂಮಿ ನೋಡಲು ಆಕಾಶದಾಚೆ ಮೇಲಕ್ಕೆ ಹೋಗುವವರು ತಮ್ಮ ತೂಕದಷ್ಟು ನಮ್ಮೂರ ಮಣ್ಣನ್ನು ಮೇಲೆ ಬಿಟ್ಟೇ ಬರಬೇಕು. ಬಿಡದಿದ್ದರೆ ವಾಹನ ಕೆಳಗಿಳಿಯುವುದಿಲ್ಲ. ಒಮ್ಮೆ ಬೇರೆ ಊರಿನ ಮಣ್ಣನ್ನು ಲಾರಿಯಲ್ಲಿ ತರಿಸಿ ನೋಡಿದರು. ಆ ಸಲ ವಾಹನ ಮೇಲೆಯೇ ನಿಂತುಬಿಟ್ಟಿತು. ಒಳಗಿದ್ದ ದೊಡ್ಡ ಮನುಷ್ಯರೆಲ್ಲ ಬಿಸ್ಕತ್ತು ತಿಂದುಕೊಂಡು ಕೂತಿದ್ದು, ಇನ್ನೊಂದು ವಾಹನದಲ್ಲಿ ನಮ್ಮ ಹಿತ್ತಲುಗಳ ಮಣ್ಣು ಹೋದ ಮೇಲೆ ಇಳಿದು ಬಂದರು. ಆಮೇಲೆ ಆ ಪ್ರಯೋಗಕ್ಕೆ ಯಾರೂ ಕೈ ಹಾಕಿಲ್ಲ. ಹೀಗಾಗಿ ವಾಹನ ಏರಿಳಿಯುವ ಮೈದಾನದಲ್ಲಿ ಒಂದು ದೊಡ್ಡ ತಕ್ಕಡಿ, ತಕ್ಕಡಿಯ ಪಕ್ಕದಲ್ಲಿ ಜರಡಿ, ಜರಡಿಯ ಮುಂದೆ ನಾನು. ನನ್ನ ಹೆಸರು ಹಾಲಮ್ಮ. ಮಣ್ಣಿನಲ್ಲಿರುವ ಕಲ್ಲು, ಬೇರು, ಬೀಜ, ಹುಳು ತೆಗೆದು ಹಸನು ಮಾಡಿ ಕೊಡುವುದು ನನ್ನ ಕೆಲಸ. ಜೊತೆಗೆ ಮುನೀರಾ ಇದ್ದಾಳೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನಾವಿಬ್ಬರೂ ಎದುರುಬದುರು ಕೂತು ಜರಡಿ ಹಿಡಿದಿದ್ದೇವೆ, ಜಗಳವಾಡಿ ಮಾತು ಬಿಟ್ಟಿದ್ದೇವೆ, ಮತ್ತೆ ಒಂದೇ ಡಬ್ಬಿಯಲ್ಲಿ ಉಂಡಿದ್ದೇವೆ.

ಗಿರಾಕಿ ದಪ್ಪಗಿದ್ದರೆ ನಮ್ಮೂರವರ ಎದೆ ಧಸಕ್ಕೆನ್ನುತ್ತದೆ. ಡೊಳ್ಳುಹೊಟ್ಟೆಯವನೊಬ್ಬ ಮೇಲೆ ಹೋಗಿ ಬಂದನೆಂದರೆ ಯಾರದೋ ಬಾಳೆಯ ಪಾತಿ ಹೋಯಿತೆಂದೇ ಅರ್ಥ. ಅದಕ್ಕೇ ವಸತಿಗೃಹಗಳಲ್ಲಿ ತೂಕದ ಹಿಂದಿನ ದಿನ ಗಂಜಿ, ಮಜ್ಜಿಗೆ ಬಿಟ್ಟರೆ ಬೇರೇನೂ ಬಡಿಸುವುದಿಲ್ಲ. ಹೊಟ್ಟೆ ತುಂಬಿದ್ದರೆ ಮೇಲೆ ವಾಂತಿಯಾಗುತ್ತದೆ ಅಂತ ನಂಬಿಸಿಬಿಡುತ್ತಾರೆ. ಮೈದಾನದ ಗೇಟಿನ ಪಕ್ಕದ ಕ್ಷೌರದಂಗಡಿಯಲ್ಲಿ ಅವರಿಗೆಲ್ಲ ಪುಕ್ಕಟೆ ಕ್ಷೌರ. ಕಿವಿಯ ಕೂದಲನ್ನೂ ಬಿಡದೆ ತೆಗೆಯುತ್ತಾರೆ. ಊರಿನ ಆತಿಥ್ಯ ಎಂದರೆ ಇದಪ್ಪಾ ಎಂದು ಗಿರಾಕಿಗಳು ಕನ್ನಡಿ ನೋಡಿಕೊಂಡು ಹಿಗ್ಗುತ್ತಾರೆ. ಕ್ಷೌರದವನು ಕತ್ತರಿಸಿದ ಕೂದಲನ್ನು ಕಾಲಿನಿಂದ ಸರಿಸುತ್ತ ಒಂದು ಹಿಡಿ ಮಣ್ಣು ಉಳಿಯಿತು ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ.

ಎಷ್ಟು ಉಳಿಸಿದರೂ ನೆಲ ಮಾತ್ರ ಇಳಿಯುತ್ತಲೇ ಹೋಯಿತು. ನಾನು ಬಂದಾಗ ಮನೆಯಿಂದ ಬೀದಿಗೆ ಕಾಲಿಟ್ಟರೆ ಸಾಕಿತ್ತು. ಆಮೇಲೆ ಒಂದು ಮೆಟ್ಟಿಲು ಕಟ್ಟಿದೆವು, ಆಮೇಲೆ ಇನ್ನಷ್ಟು, ಈಗ ಎಲ್ಲರ ಮನೆಗೂ ಏಣಿ. ಪಾಯದ ಕಲ್ಲುಗಳ ಮೇಲೆ ಮನೆಗಳು ಎತ್ತರದಲ್ಲಿ ನಿಂತಿವೆ. ಬಾವಿಗಳ ಸುತ್ತಲಿನ ಮಣ್ಣು ಹೋಗಿ ಅವುಗಳ ಕಲ್ಲಿನ ಗೋಡೆ ಕಂಬದ ಹಾಗೆ ಬೀದಿಯ ಮಧ್ಯೆ ಎದ್ದಿದೆ. ನೀರು ಸೇದಬೇಕೆಂದರೆ ಮೊದಲು ಹತ್ತಬೇಕು. ಮೈದಾನದ ಪಕ್ಕದ ಹುಣಿಸೆಮರ ತನ್ನ ಬೇರು ಹಿಡಿದುಕೊಂಡಷ್ಟು ಮಣ್ಣಿನ ಗುಡ್ಡೆಯ ಮೇಲೆ ಒಂಟಿಯಾಗಿ ನಿಂತಿದೆ. ಪಕ್ಕದ ಮನೆಗೆ ಸಕ್ಕರೆ ಸಾಲ ಕೇಳಲು ಹೋಗುವವರು ಹಲಗೆ ಹಾಕಿಕೊಂಡು ಹೋಗುತ್ತಾರೆ. ಮನೆಯಲ್ಲಿ ಉಳಿದ ಮಣ್ಣನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತೇವೆ. ಆಡಿ ಬಂದ ಮಕ್ಕಳ ಕಾಲನ್ನು ಬೋಗುಣಿಯಲ್ಲಿ ತೊಳೆದು ಆ ನೀರನ್ನು ಕುಂಡಕ್ಕೆ ಹಾಕುತ್ತೇವೆ. ಹೆಣ್ಣು ನೋಡಲು ಬಂದವರು ಹುಡುಗಿಯ ಅಡುಗೆ ಕೇಳುವ ಮೊದಲು ಆ ಮನೆಯ ಕುಂಡಗಳ ಮೇಲೆ ಕಣ್ಣು ಹಾಯಿಸುತ್ತಾರೆ. ಹಾಗಂತ ನಾವು ಅಳುತ್ತ ಕೂತವರಲ್ಲ. ವಸತಿಗೃಹ, ಟೀ ಅಂಗಡಿ, ಜರಡಿ, ತಕ್ಕಡಿ ಎಲ್ಲವೂ ಗಿರಾಕಿಗಳಿಂದಲೇ ನಡೆಯುವುದು. ಸಂಜೆ ಆಕಾಶದಲ್ಲಿ ಕಂದುಬಣ್ಣದ ತೆಳುವಾದ ಒಂದು ಗೆರೆ ಹಾದು ಹೋಗುತ್ತದೆ. ಮೇಲೆ ಬಿಟ್ಟ ನಮ್ಮ ಮಣ್ಣೇ ಅದು. ಮೇಲಿನ ಹೊಲ ಎನ್ನುತ್ತೇವೆ. ಅದರಿಂದ ಒಂದು ಹಿಡಿಯೂ ಈವರೆಗೆ ವಾಪಸು ಬಂದಿಲ್ಲ.

ನಮ್ಮನೆಯವರಿಗೆ ಮೇಲೆ ಹೋಗುವ ಆಸೆ ಸಣ್ಣದಾಗಿರಲಿಲ್ಲ. ಗೇಟಿನ ಎದುರಿಗೆ ಅವರದು ಟೀ ಹೋಟೆಲು. ವಾಹನ ಇಳಿದ ಕೂಡಲೇ ಗಿರಾಕಿಗಳಿಗೆ ಬಿಸಿ ಟೀ ಕೈಗಿಟ್ಟು, "ಹೆಂಗೆ ಕಾಣ್ತು ಸಾರ್ ನಮ್ಮೂರು?" ಅಂತ ಕೇಳುತ್ತಿದ್ದರು. ಗಿರಾಕಿಗಳು ಸಮುದ್ರದ ಬಣ್ಣ ಹೇಳುತ್ತಿದ್ದರು, ಭೂಮಿಯ ಅಂಚಿನಲ್ಲಿ ಕಾಣುವ ನೀಲಿ ಪಟ್ಟಿಯ ವಿಷಯ ಹೇಳುತ್ತಿದ್ದರು. ಕೆಲವರ ಕಣ್ಣಲ್ಲಿ ನೀರೇ ಬರುತ್ತಿತ್ತು. ಅಷ್ಟು ದೂರದಿಂದ ನೋಡಿದರೆ ಭೂಮಿಯ ಮೇಲೆ ಎಷ್ಟು ಪ್ರೀತಿ ಹುಟ್ಟುತ್ತೆ ಗೊತ್ತಾ ಅನ್ನುತ್ತಿದ್ದರು. ಇವರು ಬಿಡದೆ, "ಅದು ಸರಿ ಸಾರ್, ನಮ್ಮೂರು?" ಅನ್ನುವರು. ನೆನಪಿಲ್ಲ, ಮೋಡ ಇತ್ತು, ಯಾವ ಕಡೆ ಬರುತ್ತೆ ಅದು, ಹೀಗೇ ಉತ್ತರ. ಒಬ್ಬ ಹೆಂಗಸು ಮಾತ್ರ ಟೀ ಕುಡಿದು ಮುಗಿಸಿ, "ಒಂದು ಸಣ್ಣ ಗುಳಿ ಕಂಡ ಹಾಗಾಯ್ತು" ಅಂದಳಂತೆ. ಅವತ್ತು ಇವರು ಸರಿಯಾಗಿ ಊಟ ಮಾಡಲಿಲ್ಲ.

"ಯಾವ ನಕ್ಷೆಲೂ ಇಲ್ಲ ಕಣೇ ನಮ್ಮೂರು," ಅನ್ನುತ್ತಿದ್ದರು. "ಒಂದ್ಸಲ ಮೇಲಿಂದ ನೋಡ್ಕೊಂಡು ಬರ್ಬೇಕು. ನಾವು ಚಿಕ್ಕೋರಿದ್ದಾಗ ಓಡಾಡಿದ ಬೀದಿ ಯಾವ ಕಡೆಗೆ ತಿರುಗ್ತಿತ್ತು, ಯಾರ ಮನೆ ಪಕ್ಕ ಯಾರ ಮನೆ, ಎಲ್ಲಾ ಮರ್ತು ಹೋಗ್ತಾ ಐತೆ."

"ಹೋದೋರು ಅಲ್ಲೇ ಇದ್ದುಬಿಡಿ, ನಂಗೂ ನೆಮ್ಮದಿ," ಅಂತ ನಾನು.

"ಮೇಲೆ ಹೋಗೋದು ಮುಖ್ಯ ಅಲ್ಲ ಹಾಲವ್ವ. ಬಂದು ನಿಂಗೆ ಹೇಳ್ಬೇಕು. ಹೇಳ್ದಿದ್ರೆ ನೋಡಿ ಏನು ಬಂತು."

ಯುಗಾದಿಯ ದಿನ ಊರವರಲ್ಲಿ ಒಬ್ಬರಿಗೆ ಪುಕ್ಕಟೆ ಸೀಟು ಸಿಗುವ ಪದ್ಧತಿಯಿದೆ. ಹಿತ್ತಾಳೆಯ ಕೊಡದಲ್ಲಿ ಹೆಸರಿನ ಚೀಟಿಗಳನ್ನು ಹಾಕಿ ಒಂದನ್ನು ಎತ್ತುತ್ತಾರೆ. ಊರವರು ಹೋಗುವಾಗ ಮಣ್ಣನ್ನು ಅವರ ಮನೆಯವರೇ ಒದಗಿಸಬೇಕು, ಅದೂ ಪದ್ಧತಿಯೇ. ನಮ್ಮನೆಯವರು ತಪ್ಪದೆ ಚೀಟಿ ಹಾಕಿದರು, ಒಂದು ಸಲವೂ ಬರಲಿಲ್ಲ. ಹೋದ ವರ್ಷ ಎದೆನೋವು ಅಂತ ಹೋಟೆಲಿನ ಬೆಂಚಿನ ಮೇಲೆ ಮಲಗಿದವರು ಏಳಲಿಲ್ಲ.

ನಮ್ಮಲ್ಲಿ ಹೂಳುವುದು. ಸಮಾಧಿ ದಿಬ್ಬ ಒಂದನ್ನು ಮಾತ್ರ ವಾಹನ ನಡೆಸುವ ಆಫೀಸಿನವರು ಇನ್ನೂ ಮುಟ್ಟಿಲ್ಲ. ದಿಬ್ಬದಲ್ಲಿ ಕಲ್ಲಿನ ಗೂಡು ಮಾಡಿ ಮಲಗಿಸಿ, ಮೇಲೆ ಚಪ್ಪಡಿ ಮುಚ್ಚುತ್ತೇವೆ. ಚಪ್ಪಡಿಯ ಮೇಲಿನ ಮಣ್ಣನ್ನು ಬಂದವರು ಕೊಡಬೇಕು. ಅವತ್ತು ಎಲ್ಲರೂ ಟ್ರಂಕು ತೆಗೆದರು. ಮುನೀರಾ ತನ್ನ ಪುದೀನದ ಕುಂಡವನ್ನು ಹಾಗೇ ತಂದು ಬೋರಲು ಹಾಕಿದಳು. ತಕ್ಕಡಿಯ ವಿರೂಪಣ್ಣ, ನಮ್ಮನೆಯವರ ಬಾಲ್ಯದ ಗೆಳೆಯ, ತುಳಸಿಕಟ್ಟೆಯಿಂದ ಒಂದು ಬುಟ್ಟಿ ತಂದ. ಗಿರಾಕಿಗಳಿಗೆ ಗಂಜಿ ಕುಡಿಸುವ ಜಿಪುಣರು ಕೂಡ ಸೆರಗಿನಲ್ಲಿ, ಪಂಚೆಯ ಮಡಿಲಲ್ಲಿ ಮಣ್ಣು ತಂದು ಕೊಟ್ಟರು. ಊರಲ್ಲಿ ಅಷ್ಟು ಎತ್ತರದ ಸಮಾಧಿ ಬೇರೆ ಯಾರಿಗೂ ಇಲ್ಲ. ಆಮೇಲೆ ಆ ಪುದೀನ ಅಲ್ಲೇ ಚಿಗುರಿತು. ಕೆಲಸ ಮುಗಿಸಿ ಬರುವಾಗ ನಾನು ದಿನಾ ಅಲ್ಲಿ ಸ್ವಲ್ಪ ಹೊತ್ತು ಕೂತು, ಇವತ್ತು ಯಾರು ಬಂದಿದ್ದರು, ಎಷ್ಟು ದಪ್ಪಗಿದ್ದರು, ಮುನೀರಾ ಏನಂದಳು ಎಲ್ಲ ಹೇಳುತ್ತೇನೆ. ಇದ್ದಾಗ ಇಷ್ಟು ಸಮಾಧಾನವಾಗಿ ನನ್ನ ಮಾತು ಕೇಳಿದವರಲ್ಲ.

ಈ ಯುಗಾದಿಗೆ ಚೀಟಿ ಎತ್ತಿದಾಗ ಬಂದ ಹೆಸರು ಓಂಕಾರಪ್ಪ. ನಮ್ಮನೆಯವರ ಹೆಸರು. ಹಳೆಯ ಚೀಟಿಗಳನ್ನು ಕೊಡದಿಂದ ತೆಗೆಯುವ ರೂಢಿ ಯಾರಿಗೂ ಇರಲಿಲ್ಲ. ನಾನು ಕೂತಲ್ಲೇ ಸೆರಗು ಬಾಯಿಗೆ ಒತ್ತಿಕೊಂಡೆ. ಸತ್ತವರ ಸೀಟು ಮನೆಯವರಿಗೆ ಸೇರುತ್ತದೆ ಅಂತ ಆಫೀಸಿನ ಮೇನೇಜರ್ ಧರಣೇಂದ್ರಯ್ಯ ತೀರ್ಮಾನ ಹೇಳಿದರು. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ. "ನೀವು ಹೋಗಿ ಬನ್ನಿ ಅಮ್ಮ, ಅವರ ಆತ್ಮಕ್ಕೆ ತೃಪ್ತಿ," ಅಂದವರು, ಆಮೇಲೆ ಮೆಲ್ಲಗೆ, "ಮಣ್ಣಿದೆಯಾ?" ಅಂತ ಕೇಳಿದರು.

ಹಿತ್ತಲಿನ ಮಣ್ಣನ್ನು ಮಗಳ ಮದುವೆಯ ಕಾಲಕ್ಕೆ ಆಫೀಸಿಗೆ ಮಾರಿಯಾಗಿತ್ತು. ಟ್ರಂಕಿನಲ್ಲಿದ್ದದ್ದು ಇವರ ಸಮಾಧಿಗೇ ಹೋಗಿತ್ತು. ನಮ್ಮ ಮನೆಯದು ಅಂತ ಉಳಿದ ಮಣ್ಣು ಆ ಚಪ್ಪಡಿಯ ಮೇಲಿನದೊಂದೇ. ಅದನ್ನು ನಾನು ಹೇಳುವ ಮೊದಲೇ ಎಲ್ಲರೂ ಯೋಚಿಸಿಬಿಟ್ಟಿದ್ದರು. ಚಪ್ಪಡಿ ಎತ್ತುವುದಿಲ್ಲವಲ್ಲ, ಅವರನ್ನು ಮುಟ್ಟುವುದಿಲ್ಲವಲ್ಲ ಅಂದರು. ಮೇಲೆ ಹೋಗಬೇಕು ಮೇಲೆ ಹೋಗಬೇಕು ಅಂತ ಜೀವ ಬಿಟ್ಟವನು, ಈಗ ಹೆಂಡತಿ ಜೊತೆಗೇ ಹೋಗುತ್ತಾನೆ, ಇದಕ್ಕಿಂತ ಇನ್ನೇನು ಬೇಕು ಅಂದರು. ನನಗೂ ಹಾಗೇ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಅವರು ಕಾಣದ್ದನ್ನು ನಾನು ಕಂಡು ಬಂದು ಹೇಳಬೇಕು ಅಂತ ಆಸೆ ಉಕ್ಕಿತು. ಊರು ಹೇಗೆ ಕಾಣುತ್ತದೆ, ಬೀದಿ ಎಲ್ಲಿ ತಿರುಗುತ್ತದೆ, ಎಲ್ಲ ನೋಡಿಟ್ಟುಕೊಂಡು ಬರಬೇಕು. ಒಪ್ಪಿಕೊಂಡೆ.

ಒಪ್ಪದವಳು ಮುನೀರಾ ಒಬ್ಬಳೇ. ಮರುದಿನ ಜರಡಿಯ ಮುಂದೆ ಕೂತು ಮಾತು ತೆಗೆದಳು.

"ಹೋಗಿ ನೋಡ್ಕೊಂಡು ಬರ್ತೀಯ. ಸರಿ," ಅಂದಳು. "ಬಂದು ಯಾರಿಗೆ ಹೇಳ್ತೀಯ ಹಾಲಕ್ಕ?"

"ಅವರಿಗೇ."

"ಅವರ ಮಣ್ಣು ಮೇಲೆ ಬಿಟ್ಟು ಬಂದಿರ್ತೀಯಲ್ಲ."

"ಚಪ್ಪಡಿ ಇರುತ್ತೆ. ಚಪ್ಪಡಿಗೆ ಹೇಳ್ತೀನಿ, ನಿಂಗೇನು?" ಅಂತ ರೇಗಿದೆ. ಅವತ್ತು ಊಟದ ಡಬ್ಬಿಗಳನ್ನು ಬೇರೆ ಬೇರೆ ಬಿಚ್ಚಿದೆವು.

ರೇಗಿದ್ದೇನೋ ಸರಿ. ಆದರೆ ಅವಳ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸಮಾಧಿಯ ಹತ್ತಿರ ಹೋದಾಗ ಬೇಕೆಂದೇ ಚಪ್ಪಡಿಯ ಒಂದು ಅಂಚು ಕಾಣುವಷ್ಟು ಮಣ್ಣು ಸರಿಸಿ, ಅದಕ್ಕೇ ಮಾತಾಡಿ ನೋಡಿದೆ. ಕಲ್ಲು ಬಿಸಿಲಿಗೆ ಕಾದಿತ್ತು. ಎರಡು ಮಾತಾಡುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಮಣ್ಣು ಎಳೆದು ಮುಚ್ಚಿದೆ. ಆದರೂ ಹೋಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಜೀವಮಾನವಿಡೀ ಅವರು ಕಾದ ಸೀಟು. ಬೇಡ ಅಂದರೆ ಅವರ ಆಸೆಯನ್ನೇ ಬೇಡ ಅಂದ ಹಾಗೆ. ಹೋದರೆ ನನ್ನ ಮಾತು ಕೇಳಲು ಇಲ್ಲಿ ಅವರೇ ಇಲ್ಲದ ಹಾಗೆ.

ತೂಕದ ದಿನ ಬೆಳಗ್ಗೆ, ಅವರು ಹೋದಾಗಿನಿಂದ ಮುಚ್ಚಿದ್ದ ಹೋಟೆಲಿನ ಬಾಗಿಲು ತೆಗೆದು ಒಳಗೆ ಹೋದೆ. ಅವರು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಟವೆಲ್ಲು ಮೊಳೆಗೆ ಹಾಗೇ ತೂಗುತ್ತಿತ್ತು. ಮೇಲೆ ಹೋಗುವಾಗ ಇದೊಂದು ಇರಲಿ ಅಂತ ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದೆ. ದಿಬ್ಬದಿಂದ ಮಣ್ಣನ್ನು ಬುಟ್ಟಿಗಳಲ್ಲಿ ತಂದು ಜರಡಿಯ ಪಕ್ಕ ಸುರಿದಿದ್ದರು. ಬೇರೆಯವರು ಹಿಡಿಯುತ್ತೇವೆ ಅಂದರೂ ನಾನು ಬಿಡಲಿಲ್ಲ. ಮುನೀರಾ ಎದುರಿಗೆ ಬಂದು ಕೂತು ಜರಡಿಯ ಇನ್ನೊಂದು ಅಂಚು ಹಿಡಿದಳು.

ಊರಲ್ಲಿ ಎಷ್ಟೋ ಜನರ ಮಣ್ಣು ಜರಡಿ ಹಿಡಿದವಳು ನಾನು. ಆದರೆ ಅವತ್ತು ಸಿಕ್ಕಿದ್ದನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದೆ. ವಿರೂಪಣ್ಣನ ತುಳಸಿಯ ಒಣಕಡ್ಡಿ ಬಂತು. ಯಾರದೋ ಮನೆಯ ಮೆಣಸಿನ ಬೀಜ ಬಂತು. ಒಂದು ಗಾಜಿನ ಗೋಲಿ ಬಂತು. ನೆಲದಲ್ಲಿ ಗುಳಿ ತೋಡಿ ಗೋಲಿ ಆಡುತ್ತಿದ್ದ ಕಾಲದಿಂದ ಯಾರದೋ ಟ್ರಂಕಿನ ಮಣ್ಣಿನಲ್ಲಿ ಉಳಿದುಕೊಂಡಿದ್ದದ್ದು. ಕೊನೆಗೆ ಪುದೀನದ ಬೇರು, ಹಸಿಯಾಗಿ, ಎಲೆಯ ಸಮೇತ. ಅದನ್ನು ಎತ್ತಿ ಪಕ್ಕಕ್ಕಿಡುವಾಗ ವಾಸನೆ ಮೂಗಿಗೆ ಬಡಿಯಿತು. ಮಳೆ ಬಂದ ದಿನ ಟೀಗೆ ಎರಡು ಎಲೆ ಹಾಕಿ ಕೊಡುತ್ತಿದ್ದರು ನನಗೆ. ನಾನು ಅಳುತ್ತಿದ್ದೆ. ಮುನೀರಾ ಬೇರನ್ನು ತನ್ನ ಡಬ್ಬಿಯ ಮುಚ್ಚಳದಲ್ಲಿಟ್ಟು ನೀರು ಚಿಮುಕಿಸಿದಳು.

ತಕ್ಕಡಿಯ ವಿಷಯ ಒಂದು ಹೇಳಬೇಕು. ಅದನ್ನು ನಿಲ್ಲಿಸಿದ್ದು ನೆಲ ಮೇಲಿದ್ದ ಕಾಲದಲ್ಲಿ. ನೆಲ ಇಳಿದಂತೆಲ್ಲ ಕಂಬಗಳ ಬುಡಕ್ಕೆ ಕಲ್ಲು ಕಟ್ಟಿದರೇ ಹೊರತು ಕಂಬಗಳನ್ನು ಇಳಿಸಲಿಲ್ಲ. ಹಾಗಾಗಿ ಗಿರಾಕಿ ಕೆಳಗೆ ತಟ್ಟೆಯಲ್ಲಿ ಕೂರುತ್ತಾನೆ, ಆ ಕಡೆಯ ಅಟ್ಟದ ಮೇಲಿಂದ ವಿರೂಪಣ್ಣ ಇನ್ನೊಂದು ತಟ್ಟೆಗೆ ಮಣ್ಣು ಹಾಕುತ್ತಾನೆ, ಗಿರಾಕಿ ಏರುತ್ತ ಏರುತ್ತ ಸಮಕ್ಕೆ ಬಂದು ನಿಲ್ಲುವುದು ಹಳೆಯ ನೆಲದ ಎತ್ತರದಲ್ಲಿ. ಗಿರಾಕಿಗಳಿಗೆ ಇದು ಗೊತ್ತಾಗುವುದಿಲ್ಲ. ಅವರ ಕಣ್ಣು ಆಗಲೇ ವಾಹನದ ಮೇಲಿರುತ್ತದೆ. ಜರಡಿಯ ಮುಂದೆ ತಲೆ ಬಗ್ಗಿಸಿ ಕೂತ ನನಗೂ ಗೊತ್ತಿರಲಿಲ್ಲ.

ನಾನು ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಧರಣೇಂದ್ರಯ್ಯ ಕೈ ಮುಗಿದರು. ವಾಹನದಲ್ಲಿ ಉಳಿದವರೆಲ್ಲ ಆಗಲೇ ಕೂತಾಗಿತ್ತು. ವಿರೂಪಣ್ಣ ಮಣ್ಣನ್ನು ಬುಟ್ಟಿಯಿಂದ ಸುರಿಯಲಿಲ್ಲ, ಬೊಗಸೆಯಲ್ಲಿ ತುಂಬಿ ತುಂಬಿ ಹಾಕಿದ. ತಟ್ಟೆ ಒಮ್ಮೆ ಅಲುಗಿ ನೆಲ ಬಿಟ್ಟಿತು. ಮುನೀರಾಳ ತಲೆ ಕೆಳಗೆ ಹೋಯಿತು. ಏಣಿಗಳ ಮೆಟ್ಟಿಲುಗಳು ಒಂದೊಂದಾಗಿ ಕೆಳಗೆ ಹೋದವು. ಎದುರಿಗೆ ಅವರ ಮಣ್ಣಿನ ತಟ್ಟೆ ಇಳಿದು ಬರುತ್ತಿತ್ತು. ಇಬ್ಬರೂ ಒಂದೇ ಮಟ್ಟಕ್ಕೆ ಬಂದು ನಿಂತೆವು.

ತಲೆ ಎತ್ತಿ ನೋಡಿದೆ. ಊರಿನ ಬಾಗಿಲುಗಳೆಲ್ಲ ನನ್ನ ಮಟ್ಟಕ್ಕೆ ಬಂದಿದ್ದವು. ತಟ್ಟೆಯ ಅಂಚು ಅಡ್ಡ ಬಂದು ಕೆಳಗಿನ ಗುಂಡಿಗಳು ಕಾಣುತ್ತಿರಲಿಲ್ಲ, ಪಾಯದ ಕಲ್ಲುಗಳು ಕಾಣುತ್ತಿರಲಿಲ್ಲ. ಹೊಸ್ತಿಲುಗಳು ಮಾತ್ರ ಒಂದರ ಪಕ್ಕ ಒಂದು ಸಾಲಾಗಿ, ಕಾಲಿಟ್ಟು ನಡೆದುಬಿಡಬಹುದು ಅನ್ನುವ ಹಾಗೆ. ಬಾವಿಯ ಕಟ್ಟೆ ಎಲ್ಲಿರಬೇಕೋ ಅಲ್ಲಿತ್ತು. ಹುಣಿಸೆಮರ ನೆಲದಿಂದಲೇ ಎದ್ದಂತೆ ನಿಂತಿತ್ತು. ಮದುವೆಯಾಗಿ ಬಂದ ದಿನ ಈ ಬೀದಿಯಲ್ಲೇ ಅವರ ಹಿಂದೆ ನಡೆದು ಬಂದಿದ್ದೆ. ಅವರ ಹೆಸರು ಹಿಡಿದು ಕರೆದವಳಲ್ಲ ನಾನು. ಇದ್ದಾಗಲೂ ಇಲ್ಲ, ಸಮಾಧಿಯ ಮುಂದೆ ಕೂತಾಗಲೂ ಇಲ್ಲ. ಅವತ್ತು ಬಾಯಿಗೆ ತಾನಾಗಿ ಬಂತು.

"ಓಂಕಾರಪ್ಪ," ಅಂದೆ ಎದುರಿನ ತಟ್ಟೆಗೆ. "ಕೇಳಿಸ್ಕೊಳ್ಳಿ. ನಮ್ಮನೆ ಹೊಸ್ತಿಲು ಇಲ್ಲಿಂದ ಬಲಗಡೆಗೆ ಐತೆ. ಅದರ ಪಕ್ಕ ಮುನೀರಾಳ ಮನೆ, ಅದಾದ ಮೇಲೆ ವಿರೂಪಣ್ಣನ ಮನೆ ತುಳಸಿಕಟ್ಟೆ. ಬೀದಿ ಬಾವಿ ಹತ್ರ ಎಡಕ್ಕೆ ತಿರುಗುತ್ತೆ. ನೀವು ಬಲಕ್ಕೆ ಅಂತಿದ್ರಿ, ತಪ್ಪು. ಎಡಕ್ಕೇನೆ. ಮರ ಚೆನ್ನಾಗೈತೆ. ನಿಮ್ಮ ಹೋಟ್ಲು ಬೆಂಚು ಇಲ್ಲಿಗೇ ಕಾಣುತ್ತೆ. ಎಲ್ಲಾ ಐತೆ ಕಣ್ರೀ, ನೆಲ ಒಂದೇ ಇಲ್ಲ."

ವಿರೂಪಣ್ಣ ಅಟ್ಟದ ಮೇಲೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದ. ಇದಕ್ಕಿಂತ ಮೇಲೆ ಹೋಗಿ ನಾನು ನೋಡಬೇಕಾದ್ದು ಏನೂ ಇರಲಿಲ್ಲ. ನೋಡಿದ್ದಾಯಿತು, ಹೇಳಿದ್ದೂ ಆಯಿತು.

"ಇಳಿಸು ವಿರೂಪಣ್ಣ," ಅಂದೆ.

"ಸೀಟು ಹೋಗುತ್ತಲ್ಲಮ್ಮ," ಅಂದ.

"ಹೋಗ್ಲಿ. ಮಣ್ಣು ವಾಪಸು ಬುಟ್ಟಿಗೆ ಹಾಕು."

ಧರಣೇಂದ್ರಯ್ಯ ಕೆಳಗಿನಿಂದ ಏನೋ ಸಮಾಧಾನ ಹೇಳುತ್ತಿದ್ದರು. ವಾಹನ ಕಾಯುವುದಿಲ್ಲ, ಇಂಥ ಅವಕಾಶ ಮತ್ತೆ ಬರುವುದಿಲ್ಲ, ಮೇಲಿಂದ ಭೂಮಿ ನೋಡಿದವರ ಜೀವನವೇ ಬದಲಾಗುತ್ತದೆ ಅಂತ. ಅವರು ಹೇಳಿದ್ದು ಸುಳ್ಳೇನಲ್ಲ. ನಾನು ಇಳಿದು ಅವರಿಗೂ ಕೈ ಮುಗಿದೆ. ಒಂದು ಸೀಟು ಖಾಲಿ ಇಟ್ಟುಕೊಂಡು ವಾಹನ ಹೋಯಿತು. ಅದರ ಹೊಗೆ ಕಣ್ಣಿಗೆ ಹೊಡೆದು ಎಲ್ಲರೂ ಸೆರಗು, ಟವೆಲ್ಲು ಹುಡುಕಿಕೊಂಡರು.

ಹೊಗೆ ಕರಗಿದಾಗ ಮುನೀರಾ ತಟ್ಟೆಯಲ್ಲಿ ಕೂತಿದ್ದಳು. "ಅದರಾಗೆ ನನ್ನ ಕುಂಡದ ಮಣ್ಣೂ ಐತೆ. ಬುಟ್ಟಿಗೆ ತುಂಬೋ ಮೊದ್ಲು ನಂಗೂ ಒಂದ್ಸಲ ತೂಗಣ್ಣ," ಅಂದಳು. ಅವಳು ನನಗಿಂತ ಸ್ವಲ್ಪ ದಪ್ಪವೇ. ಇದ್ದ ಮಣ್ಣಿಗೆ ತಟ್ಟೆ ಮೇಲೇಳಲೊಲ್ಲದು. ತಕ್ಕಡಿಗೆ ಎಂದೂ ಕೈ ಸೋಕಿಸದ ವಿರೂಪಣ್ಣ ಅವತ್ತು ಮಣ್ಣಿನ ತಟ್ಟೆಯ ಅಂಚಿಗೆ ಎರಡೂ ಕೈ ಊರಿ ಒತ್ತಿದ. ಮುನೀರಾ ಏರಿದಳು. ಮೇಲೆ ಕೂತು, ಬಹಳ ಹೊತ್ತು ಕತ್ತು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ವಿರೂಪಣ್ಣನ ಮುಖ ಕೆಂಪಾಗಿ, ಅವನು ಸಾಕಮ್ಮ ಅನ್ನುವವರೆಗೂ ಇಳಿಯಲಿಲ್ಲ.

ಇಳಿದ ಕೂಡಲೇ ನಾನು ಕೇಳಿದ್ದು ಅವರ ಪ್ರಶ್ನೆಯನ್ನೇ. "ಹೆಂಗೆ ಕಾಣ್ತು ನಮ್ಮೂರು?"

ಅವಳು ಕಣ್ಣು ಒರೆಸಿಕೊಂಡು, "ನಿಮ್ಮ ಹೋಟ್ಲು ಬಾಗಿಲು ತೆಗೆದೈತೆ ಹಾಲಕ್ಕ. ಟವೆಲ್ಲು ತರೋಕೆ ಹೋದೋಳು ಹಾಕೋದು ಮರ್ತಿದೀಯ," ಅಂದಳು. ಆಮೇಲೆ, "ನಿಮ್ಮನೆಯೋರು ಒಳಗೇ ಅದಾರೆ ಅನ್ನಿಸ್ತು," ಅಂದಳು.

ಇಬ್ಬರೂ ಬುಟ್ಟಿ ಹೊತ್ತು ಮಣ್ಣನ್ನು ದಿಬ್ಬಕ್ಕೆ ಸಾಗಿಸಿ, ಪುದೀನದ ಬೇರನ್ನು ಮತ್ತೆ ನೆಟ್ಟೆವು. ಗೋಲಿಯನ್ನೂ ಒಳಗೇ ಹಾಕಿದೆ. ಮೇಲಿನ ಹೊಲ ಸಂಜೆ ಎಂದಿನಂತೆ ತಲೆಯ ಮೇಲೆ ಹಾದು ಹೋಯಿತು. ನಮ್ಮ ಹಿತ್ತಲು ಅದರಲ್ಲಿ ಎಲ್ಲೋ ಇದೆ. ಮೇಲೆ ಹೋಗಿ ಅದನ್ನೊಮ್ಮೆ ಮುಟ್ಟಿ ಬರುವ ಆಸೆ ನನಗೆ ಇನ್ನೂ ಇದೆ, ಇಲ್ಲ ಅನ್ನುವುದಿಲ್ಲ.

ಈಗ ವಾಹನವಿಲ್ಲದ ದಿನ ಯಾರಾದರೊಬ್ಬರು ಟ್ರಂಕಿನ ಮಣ್ಣು, ಕುಂಡದ ಮಣ್ಣು ಹೊತ್ತುಕೊಂಡು ವಿರೂಪಣ್ಣನ ಹತ್ತಿರ ಬರುತ್ತಾರೆ. ಸಮಕ್ಕೆ ನಿಂತು ಒಂದಷ್ಟು ಹೊತ್ತು ನೋಡಿ, ಇಳಿದು, ಮಣ್ಣನ್ನು ಮನೆಗೆ ಹೊತ್ತು ಹೋಗುತ್ತಾರೆ. ಅವರಿಗೆ ಟೀ ಬೇಕಲ್ಲ, ಹೋಟೆಲಿನ ಒಲೆ ಮತ್ತೆ ಹಚ್ಚಿದ್ದೇನೆ. ಲೋಟ ಕೈಗಿಟ್ಟು ನಾನು ಕೇಳುತ್ತೇನೆ, ಅವರು ಹೇಳುತ್ತಾರೆ. ಹೇಳಿದ್ದನ್ನೆಲ್ಲ ಸಂಜೆ ದಿಬ್ಬಕ್ಕೆ ಹೋಗಿ ಒಪ್ಪಿಸುತ್ತೇನೆ. ಹೋಟೆಲಿನ ಬಾಗಿಲು ಮಾತ್ರ ಅವತ್ತಿನಿಂದ ಹಾಕಿಲ್ಲ.